ವಾಂತಿಯ ಅಂಜಿಕೆ

ವಾಂತಿಯು ಯಾರಿಗೂ ಹಿತವಲ್ಲ. ಆದರೆ ಎಲ್ಲಿ ಬಂದೀತೋ ಎಂಬ ಅಂಜಿಕೆಯಿಂದಲೇ ಊಟವನ್ನು ಕಡಿಮೆ ಮಾಡುವವರೂ, ನಮ್ಮ ನೌಬಾದದಿಂದ ಭಾಲ್ಕಿಗೆ ಬಸ್ಸು ಹತ್ತಲಾರದವರೂ, ಕಾಯಿಲೆಯ ಕೂಸನ್ನು ಎತ್ತಿಕೊಳ್ಳಲಾರದವರೂ ಇರಬಹುದು. ಇದನ್ನು ಹಟವೆಂದು ಹಳಿಯಬಾರದು. ಇದು ಚಿಕಿತ್ಸೆಗೆ ಒಳಪಡತಕ್ಕ ಮನೋವ್ಯಾಧಿ.

ಚರಕಸಂಹಿತೆಯು ತಡೆಯಬಾರದೆಂದು ಹೇಳಿದ 13 ವೇಗಗಳಲ್ಲಿ ಛರ್ದಿಯೂ ಒಂದು. ಕೆಟ್ಟದ್ದನ್ನು ಹೊರದೂಡುವ ವಾಂತಿಯು ದೇಹದ ಶತ್ರುವಲ್ಲವೆಂದು ನಾವು ಮೊದಲು ತಿಳಿಯತಕ್ಕದ್ದು. ಭಯವೇ ಹೊಟ್ಟೆಯನ್ನು ತೊಳಸುವದು. ತೊಳಸಿದೊಡನೆ ಭಯವು ಇಮ್ಮಡಿಸುವದು. ಹೆದರಿ ದೂರ ಸರಿದಷ್ಟೂ ಅದು ಬೇರೂರುವದು.

ಆದುದರಿಂದ ಚಿಕಿತ್ಸಕರು ರೋಗಿಯನ್ನು ಮೆಟ್ಟಿಲು ಮೆಟ್ಟಿಲಾಗಿ ನಡೆಸುವರು: ಮೊದಲು ಆ ಶಬ್ದವನ್ನು ಉಚ್ಚರಿಸುವದು, ಬಳಿಕ ಚಿತ್ರವನ್ನು ನೋಡುವದು, ಆಮೇಲೆ ಬಿಟ್ಟ ತಿನಿಸನ್ನು ತುತ್ತು ತುತ್ತಾಗಿ ತಿನ್ನುವದು, ಕೊನೆಗೆ ಬಸ್ಸಿನ ಪ್ರಯಾಣ. ಬಲಾತ್ಕಾರವು ಸಲ್ಲದು.

"ವಾಂತಿಯಾಗದಷ್ಟೆ?" ಎಂದು ಘಳಿಗೆಗೊಮ್ಮೆ ಕೇಳಿದರೆ, ಮನೆಯವರು "ಆಗದು" ಎಂಬ ಅಭಯವನ್ನು ಕೊಡುತ್ತ ಹೋಗಬಾರದು; ಆ ಅಭಯವು ಅರೆಗಳಿಗೆಯೂ ನಿಲ್ಲದು. "ಆದರೂ ನೀನು ತಾಳಿಕೊಳ್ಳಬಲ್ಲೆ" ಎನ್ನುವದು ಲೇಸು. ತೂಕವು ಇಳಿಯುತ್ತಿದ್ದರೆ, ವಾಂತಿಯೇ ಮರುಕಳಿಸುತ್ತಿದ್ದರೆ, ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು. ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯನ್ನು 14416 ಎಂಬ ದೂರವಾಣಿ ಸಂಖ್ಯೆಯಲ್ಲಿ ವೆಚ್ಚವಿಲ್ಲದೆ ಪಡೆಯಬಹುದು. ನಾಚಿಕೆಯಿಂದ ಮುಚ್ಚಿಟ್ಟ ವ್ಯಾಧಿಗೆ ಮದ್ದು ದೊರೆಯುವದೆಂತು ಎಂಬುದನ್ನು ಗೃಹಸ್ಥರು ವಿಚಾರಿಸಬೇಕೆಂದು ನಮ್ಮ ವಿಜ್ಞಾಪನೆ.