ಮನೆಯಂಗಳದಲ್ಲಿ ಎಣ್ಣೆಬಾವಿ: ಲಾಭ ಯಾರಿಗೆ, ಬೆಂಕಿ ಯಾರಿಗೆ?

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟವನ ಗಾದೆ ನಮ್ಮ ಜನಕ್ಕೆಲ್ಲ ಗೊತ್ತು. ಮೊದಲು ಬಾವಿ ತೋಡಿ, ಆ ಬಾವಿಯಿಂದಲೇ ಊರಿಗೆ ಬೆಂಕಿ ತಂದವರ ಸಂಗತಿಯನ್ನು ನಾವು ಈ ವಾರ ಬರೆಯಬೇಕಾಗಿದೆ.

2020ನೆಯ ಇಸವಿ ಮೇ 27. ಅಸ್ಸಾಮಿನ ತಿನ್ಸುಕಿಯಾ ಜಿಲ್ಲೆಯ ಬಾಘಜಾನ್ ಗ್ರಾಮ. ಒಂದು ಮಗ್ಗುಲಿಗೆ ದಿಬ್ರು-ಸೈಖೋವಾ ಅಭಯಾರಣ್ಯ, ಇನ್ನೊಂದು ಮಗ್ಗುಲಿಗೆ ಮಾಗುರಿ-ಮೊಟಾಪುಂಗ್ ಎಂಬ ದೊಡ್ಡ ಕೆರೆ. ಮೀನು ಹಿಡಿಯುವುದು, ದನ ಸಾಕುವುದು, ತುಂಡು ನೆಲದಲ್ಲಿ ಚಹಾ ಗಿಡ, ಹಿತ್ತಲಲ್ಲಿ ಅಡಿಕೆ ಮರ, ಇವೇ ಅಲ್ಲಿನ ಜನರ ಬದುಕು. ಈ ಹೊಲಮನೆಗಳ ಪಕ್ಕದಲ್ಲೇ ಸರಕಾರಿ ಒಡೆತನದ ಆಯಿಲ್ ಇಂಡಿಯಾ ಕಂಪೆನಿಯ ಐದನೆಯ ನಂಬರಿನ ಬಾವಿ. ಅಂದು ಬಾವಿಯ ದುರಸ್ತಿ ನಡೆಯುತ್ತಿದ್ದಾಗ ಒಳಗಿನ ಅನಿಲ ಒಮ್ಮೆಗೇ ಮೇಲಕ್ಕೆ ಚಿಮ್ಮಿತು. ಹದಿಮೂರು ದಿನ ಅನಿಲವೂ ಎಣ್ಣೆಯ ತುಂತುರೂ ಗದ್ದೆ ತೋಟ ಕೆರೆಗಳ ಮೇಲೆ ಸುರಿದವು. ಜೂನ್ 9ರಂದು ಬೆಂಕಿ ಹೊತ್ತಿತು. ಹತ್ತಾರು ಮನೆಗಳು ಬೂದಿಯಾದವು. ಬೆಂಕಿ ಆರಿಸಲು ನಿಂತಿದ್ದ ಕಂಪೆನಿಯ ಇಬ್ಬರು ಅಗ್ನಿಶಾಮಕ ನೌಕರರು ಪ್ರಾಣ ಬಿಟ್ಟರು. ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ಪರಿಹಾರ ಶಿಬಿರ ಸೇರಿದರು. ಅದೂ ಕೊರೋನಾ ಹಾವಳಿಯ ಕಾಲದಲ್ಲಿ, ಒಬ್ಬರಿಂದೊಬ್ಬರು ದೂರ ನಿಲ್ಲಿರೆಂದು ಸರಕಾರವೇ ಡಂಗುರ ಸಾರುತ್ತಿದ್ದಾಗ. ಆ ಬೆಂಕಿ ಪೂರ್ತಿ ಆರಿದ್ದು ನವೆಂಬರ್ 15ಕ್ಕೆ. ಬಾವಿ ಒಡೆದ ದಿನದಿಂದ ಲೆಕ್ಕ ಹಾಕಿದರೆ 172 ದಿನ!

"ಅಸ್ಸಾಮೆಲ್ಲಿ, ನಾವೆಲ್ಲಿ? ನಮ್ಮ ಜಿಲ್ಲೆಯಲ್ಲಿ ಎಣ್ಣೆಬಾವಿ ಇಲ್ಲವಲ್ಲ" ಎಂದು ಕೇಳುವವರಿದ್ದಾರೆ. ನಿಜ, ನಮ್ಮಲ್ಲಿ ಬಾವಿ ಇಲ್ಲ. ಆದರೆ ನಮ್ಮ ಒಲೆಯಲ್ಲಿ ಉರಿಯುವ ಅನಿಲ ಯಾರದೋ ಹಿತ್ತಲಿನಿಂದ ಬರುತ್ತದೆ. ಒಂದು ಬಟ್ಟೆಯ ಹಿಂದೆ ನೂಲುವವನ ಬೆವರಿದೆ ಎಂದು ಬಲ್ಲ ಗಿರಣಿ ಕಾರ್ಮಿಕನಿಗೆ, ಒಂದು ಸಿಲಿಂಡರಿನ ಹಿಂದೆ ಯಾರ ಉಸಿರಿದೆ ಎಂದು ತಿಳಿಯುವ ಹೊಣೆಯೂ ಇದೆ.

ಬಾವಿ ಒಡೆದದ್ದು ಹೇಗೆ? ಇದು ದೈವದ ಆಟವಲ್ಲ, ಭೂಮಿತಾಯಿಯ ಮುನಿಸೂ ಅಲ್ಲ. ನೆಲದಡಿ ಸಾವಿರಾರು ಅಡಿ ಆಳದಲ್ಲಿ ಅನಿಲ ಭಾರಿ ಒತ್ತಡದಲ್ಲಿರುತ್ತದೆ. ಅದನ್ನು ತಡೆಯಲು ಭಾರವಾದ ಕೆಸರಿನ ದ್ರವ ತುಂಬುತ್ತಾರೆ, ಸಿಮೆಂಟಿನ ಬಿರಡೆ ಹಾಕುತ್ತಾರೆ, ಬಾವಿಯ ಬಾಯಿಗೆ ಭಾರಿ ಕವಾಟ ಕೂಡಿಸುತ್ತಾರೆ. ಇಂಜಿನಿಯರರು ಇದಕ್ಕೆ ಬ್ಲೋಔಟ್ ಪ್ರಿವೆಂಟರ್ ಎನ್ನುತ್ತಾರೆ. ಗಿರಣಿಯ ಬಾಯ್ಲರಿಗೆ ಸೇಫ್ಟಿ ವಾಲ್ವ್ ಹೇಗೋ, ಬಾವಿಗೆ ಈ ಕವಾಟ ಹಾಗೆ. ಇದಿಲ್ಲದಿದ್ದರೆ ಹತ್ತಿರ ನಿಂತವನಿಗೆ ಜೀವದ ಖಾತ್ರಿಯಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನಿವೃತ್ತ ನ್ಯಾಯಮೂರ್ತಿ ಬಿ. ಪಿ. ಕಟಕಿಯವರ ಹಿರಿತನದಲ್ಲಿ ಒಂದು ಸಮಿತಿ ನೇಮಿಸಿತು. ಸಮಿತಿ ಕಂಡದ್ದೇನು? ಎರಡನೆಯ ತಡೆ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಿ ಖಚಿತ ಮಾಡಿಕೊಳ್ಳದೆಯೇ ಆ ಕವಾಟವನ್ನು ತೆಗೆದಿದ್ದರು! ಉರಿಯುತ್ತಿರುವ ಬಾಯ್ಲರಿನ ವಾಲ್ವ್ ಬಿಚ್ಚಿಟ್ಟು ಕೆಲಸ ಮಾಡಿರೆಂದು ಮಾಲೀಕ ಹೇಳಿದರೆ ನಮ್ಮ ಕಾರ್ಮಿಕರು ಏನೆನ್ನುತ್ತಾರೆ?

ಬಾವಿ ಸರಕಾರದ್ದಾದರೂ ಅದರ ಮೇಲೆ ರಿಗ್ ನಡೆಸುತ್ತಿದ್ದದ್ದು ಗುಜರಾತಿನ ಒಂದು ಖಾಸಗಿ ಗುತ್ತಿಗೆ ಕಂಪೆನಿ ಎಂಬುದನ್ನು ಓದುಗರು ಗಮನಿಸಬೇಕು. ಗುತ್ತಿಗೆ ಎಂದರೇನೆಂದು ನಮ್ಮ ಗಿರಣಿಯವರಿಗೆ ನಾವು ಪಾಠ ಹೇಳಬೇಕಾಗಿಲ್ಲ. ಖಾಯಂ ನೌಕರ "ಇದು ಅಪಾಯ, ಮಾಡಲಾರೆ" ಎಂದು ನಿಲ್ಲಬಲ್ಲ. ಗುತ್ತಿಗೆಯವನು ಹಾಗೆಂದರೆ ನಾಳೆ ಗೇಟಿನ ಹೊರಗೆ. ಲಾಭದ ಲೆಕ್ಕದಲ್ಲಿ ಒಂದು ದಿನ ಕಾಯುವುದೂ ನಷ್ಟ. ಆ ಒಂದು ದಿನದ ನಷ್ಟ ಉಳಿಸಿದ್ದಕ್ಕೆ ಬಡವರ ಅರ್ಧ ವರ್ಷ ಸುಟ್ಟುಹೋಗುತ್ತದೆ.

ಇನ್ನು ಸರಕಾರದ ಕಾವಲುಗಾರಿಕೆ ನೋಡಿ. ಬೆಂಕಿ ಉರಿಯುತ್ತಿದ್ದ ಜೂನ್ ತಿಂಗಳಲ್ಲೇ ಅಸ್ಸಾಮಿನ ಮಾಲಿನ್ಯ ನಿಯಂತ್ರಣ ಮಂಡಳಿ, ಬಾಘಜಾನಿನಲ್ಲಿ ಕೆಲಸ ನಿಲ್ಲಿಸಿರೆಂದು ಕಂಪೆನಿಗೆ ಆಜ್ಞೆ ಮಾಡಿತು. ಕೆಲವೇ ದಿನಗಳಲ್ಲಿ ಆ ಆಜ್ಞೆಯನ್ನು ತಾನೇ ಹಿಂದಕ್ಕೆ ಪಡೆಯಿತು. ಬಾವಿ ಒಡೆಯುವ ಕೆಲವೇ ದಿನಗಳ ಮುಂಚೆ, ಅದೇ ಮೇ ತಿಂಗಳಲ್ಲಿ, ಅದೇ ಅಭಯಾರಣ್ಯದ ಅಡಿಗೆ ಇನ್ನೂ ಏಳು ಬಾವಿ ಕೊರೆಯಲು ಕೇಂದ್ರ ಸರಕಾರ ಒಪ್ಪಿಗೆ ಕೊಟ್ಟಿತ್ತು. ಅದೇ ವರ್ಷದ ಜನವರಿ 16ರಂದು ಇನ್ನೊಂದು ಅಧಿಸೂಚನೆ: ಎಣ್ಣೆ ಮತ್ತು ಅನಿಲ ಹುಡುಕುವ ಬಾವಿಗಳನ್ನು ಬಿ2 ಎಂಬ ಕೆಳಗಿನ ದರ್ಜೆಗೆ ಇಳಿಸಲಾಯಿತು. ಎಂದರೆ, ಪರಿಸರ ಪರಿಣಾಮದ ಪೂರ್ಣ ಪರಿಶೀಲನೆ ಬೇಡ, ಊರವರ ಅಹವಾಲು ಕೇಳುವ ಸಭೆಯೂ ಬೇಡ! ಬಾಘಜಾನಿನ ಬಾವಿ ಅದಕ್ಕಿಂತ ಹಳೆಯದು, ಆ ಅಧಿಸೂಚನೆಗೆ ಸೇರಿದ್ದಲ್ಲ. ಆದರೆ ಧೋರಣೆ ಯಾವುದೆಂದು ಅದು ತೋರಿಸುತ್ತದೆ. ರಸ್ತೆಬದಿಯಲ್ಲಿ ನಾಲ್ಕು ಅಡಿ ಗೂಡಂಗಡಿ ಇಡಲು ಚಿಲ್ಲರೆ ವ್ಯಾಪಾರಿ ಎಷ್ಟು ಕಚೇರಿ ಅಲೆಯಬೇಕು? ಊರ ನಡುವೆ ಅನಿಲದ ಬಾವಿ ಕೊರೆಯುವವನು ಊರಿನವರ ಒಂದು ಮಾತೂ ಕೇಳಬೇಕಾಗಿಲ್ಲವೇ?

ಇದು ಒಂದು ದಿನದ ಕೆಟ್ಟ ಗಳಿಗೆ ಎನ್ನುವವರು ಹಿಂದಿನ ಪುಟ ತಿರುಗಿಸಿ ನೋಡಲಿ. 1995ರ ಜನವರಿಯಲ್ಲಿ ಆಂಧ್ರದ ಗೋದಾವರಿ ಸೀಮೆಯ ಪಾಸರ್ಲಪೂಡಿಯಲ್ಲಿ ಓ.ಎನ್.ಜಿ.ಸಿ. ಬಾವಿ ಒಡೆದು ಎರಡು ತಿಂಗಳಿಗೂ ಮಿಕ್ಕಿ ಉರಿಯಿತು. 2014ರ ಜೂನ್ 27ರ ನಸುಕಿನಲ್ಲಿ ಅದೇ ಸೀಮೆಯ ನಗರಂ ಗ್ರಾಮದಲ್ಲಿ ಗೇಲ್ ಕಂಪೆನಿಯ ಅನಿಲದ ಕೊಳವೆ ಸೋರಿ ಸಿಡಿಯಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಬೆಳಗಿನ ಚಹಾಕ್ಕೆ ಅಂಗಡಿಯವನು ಒಲೆ ಹಚ್ಚಿದಾಗ ಕಿಡಿ ತಾಕಿತೆಂದು ಆಗ ವರದಿಯಾಯಿತು. ನಮ್ಮ ಓದುಗರಲ್ಲಿ ಎಷ್ಟು ಜನ ಕೋಳಿ ಕೂಗುವ ಹೊತ್ತಿಗೆ ಎದ್ದು ಒಲೆ ಹಚ್ಚುವ ಅಂಗಡಿಯವರಿಲ್ಲ? 2025ರ ಜೂನ್ 12ರಂದು ಮತ್ತೆ ಅಸ್ಸಾಂ: ಶಿವಸಾಗರ ಜಿಲ್ಲೆಯ ರುದ್ರಸಾಗರದಲ್ಲಿ ಓ.ಎನ್.ಜಿ.ಸಿ. ಬಾವಿ. ಅಲ್ಲಿಯೂ ಕೆಲಸ ಖಾಸಗಿ ಗುತ್ತಿಗೆಯವರ ಕೈಯಲ್ಲಿ. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟವು. ಬಾವಿಯ ಬಾಯಿ ಮುಚ್ಚಲು ಹದಿನೈದು ದಿನ ಬೇಕಾಯಿತು. ಬಾಘಜಾನಿನಿಂದ ಐದು ವರ್ಷದಲ್ಲಿ ಕಲಿತ ಪಾಠ ಇದೇ ಏನು?

ಈ ಕೊಳವೆಯ ಮಾತು ನಮ್ಮ ಮನೆ ಬಾಗಿಲಿಗೇ ಬಂದಿದೆ. 2013ರಲ್ಲಿ ಚಾಲನೆಗೆ ಬಂದ ದಾಭೋಲ್-ಬೆಂಗಳೂರು ಅನಿಲ ಕೊಳವೆ ಬೆಳಗಾವಿ, ಧಾರವಾಡ, ಚಿತ್ರದುರ್ಗ, ತುಮಕೂರುಗಳ ನೆಲದಡಿ ಹಾದುಹೋಗಿದೆ. ಅದು ಯಾವ ಹೊಲದ ಕೆಳಗೆ, ಯಾವ ಬೀದಿಯ ಮಗ್ಗುಲಿಗೆ ಇದೆ, ಸೋರಿದರೆ ಯಾರಿಗೆ ಹೇಳಬೇಕು ಎಂಬುದನ್ನು ಆ ದಾರಿಯ ಎಷ್ಟು ಜನ ಬಲ್ಲರು?

ಈಗ ನಮ್ಮ ವಿರೋಧಿಗಳ ದೊಡ್ಡ ಬಾಣ: "ದೇಶಕ್ಕೆ ಎಣ್ಣೆ ಬೇಡವೇ? ಸಮಾಜವಾದಿಗಳೇ ಕಾರ್ಖಾನೆ ಬೇಕು, ಸರಕಾರಿ ಉದ್ಯಮ ಬೇಕು ಎನ್ನುತ್ತಿದ್ದಿರಲ್ಲ!" ಬೇಕು ಎಂದು ಈಗಲೂ ಹೇಳುತ್ತೇವೆ. ಅಸ್ಸಾಮಿನ ದಿಗ್ಬೋಯಿಯಲ್ಲಿ 1889ರಲ್ಲಿ ಎಣ್ಣೆ ಸಿಕ್ಕಂದಿನಿಂದ ಅದರ ಲಾಭ ವಿದೇಶಿ ಕಂಪೆನಿಗಳ ಪಾಲಾಗಿತ್ತು. ಬರ್ಮಾ ಆಯಿಲ್ ಕಂಪೆನಿಯ ಪಾಲನ್ನು ಬಿಡಿಸಿ ಆಯಿಲ್ ಇಂಡಿಯಾವನ್ನು ಪೂರ್ತಿ ರಾಷ್ಟ್ರದ ಸ್ವತ್ತು ಮಾಡಿದ್ದು 1981ರಲ್ಲಿ. ಅದು ಒಳ್ಳೆಯ ಕೆಲಸ. ಆದರೆ ಬಾಗಿಲಿನ ಬೋರ್ಡು ಬದಲಾದ ಮಾತ್ರಕ್ಕೆ ಸಮಾಜವಾದ ಬರುವುದಿಲ್ಲ. ಸ್ವತ್ತು ಜನರದಾದರೆ ಅದರ ಕೆಲಸದ ಮೇಲೆ ಕಾರ್ಮಿಕರ ಮಾತು ನಡೆಯಬೇಕು, ಅದರ ಸುತ್ತ ಬಾಳುವವರ ಮಾತು ನಡೆಯಬೇಕು. ಸರಕಾರದ ಹೆಸರು, ಖಾಸಗಿಯವನ ಗುತ್ತಿಗೆ, ಬಡವನ ಹಿತ್ತಲು. ಈ ಮೂರು ಕೂಡಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ.

"ಅಮೆರಿಕದಲ್ಲೂ ಇಂಥದು ಆಗುತ್ತದೆ" ಎನ್ನುತ್ತಾರೆ ಕೆಲವರು. ಆಗುತ್ತದೆ. 2015ರ ಅಕ್ಟೋಬರದಲ್ಲಿ ಲಾಸ್ ಏಂಜಲೀಸ್ ನಗರದ ಪೋರ್ಟರ್ ರಾಂಚ್ ಬಡಾವಣೆಯ ಪಕ್ಕದ ಅಲಿಸೋ ಕ್ಯಾನಿಯನ್ ಎಂಬಲ್ಲಿ ಅನಿಲ ತುಂಬಿಡುವ ಬಾವಿ ಒಡೆದು, ಮರುವರ್ಷ ಫೆಬ್ರವರಿಯ ತನಕ ಸುಮಾರು ಒಂದು ಲಕ್ಷ ಟನ್ ಮೀಥೇನ್ ಸೋರಿತು. ಅದು 1950ರ ದಶಕದಲ್ಲಿ ತೋಡಿದ ಹಳೆಯ ಬಾವಿ. ಅದರೊಳಗಿನ ಸುರಕ್ಷಾ ಕವಾಟವನ್ನು 1979ರಲ್ಲೇ ತೆಗೆದವರು ಮತ್ತೆ ಹಾಕಿರಲಿಲ್ಲ. ಅಲ್ಲಿಯೂ ಕವಾಟ, ಇಲ್ಲಿಯೂ ಕವಾಟ! ಬಂಡವಾಳದ ಬುದ್ಧಿಗೆ ದೇಶಭೇದವಿಲ್ಲ. ಆದರೆ ಅಲ್ಲಿ ಮನೆ ಬಿಟ್ಟವರಿಗೆ ಕಂಪೆನಿ ಹೋಟೆಲಿನ ಖರ್ಚು, ಬಾಡಿಗೆ ಕೊಡಬೇಕಾಯಿತು. ನೊಂದವರೊಡನೆ 180 ಕೋಟಿ ಡಾಲರುವರೆಗಿನ ರಾಜಿಗೆ 2021ರಲ್ಲಿ ಒಪ್ಪಬೇಕಾಯಿತು. ಅನುಕೂಲಸ್ಥರ ಬಡಾವಣೆ, ಕೂಗು ಬೇಗ ಕೇಳಿಸಿತು. ಅದೇ ನಗರದ ವಿಲ್ಮಿಂಗ್ಟನ್ ಎಂಬ ಕೂಲಿಕಾರರ ಕೇರಿಯವರು ಎಣ್ಣೆಬಾವಿಗಳ ಪಕ್ಕದಲ್ಲಿ ದಶಕಗಳಿಂದ ಬಾಳಿದ್ದಾರೆ. ಎಣ್ಣೆಬಾವಿಯ ಹೊಗೆಯಲ್ಲಿ ಬೆಂಜೀನ್ ಎಂಬ ವಿಷವಿರುತ್ತದೆ. ಅದು ರಕ್ತದ ಕ್ಯಾನ್ಸರ್ ತರುತ್ತದೆಂಬುದು ವೈದ್ಯಶಾಸ್ತ್ರ ಒಪ್ಪಿದ ಮಾತು. ಇಂಥ ಜನ ವರ್ಷಾನುಗಟ್ಟಲೆ ಹೋರಾಡಿದ ಮೇಲೆ ಕ್ಯಾಲಿಫೋರ್ನಿಯಾ ಸರಕಾರ 2022ರಲ್ಲಿ ಕಾನೂನು ಮಾಡಿತು: ಮನೆ, ಶಾಲೆ, ಆಸ್ಪತ್ರೆಗಳಿಂದ 3,200 ಅಡಿಯೊಳಗೆ ಹೊಸ ಬಾವಿ ಕೂಡದು. ಎಣ್ಣೆ ಕಂಪೆನಿಗಳು ಜನಮತಗಣನೆಯ ದಾರಿ ಹಿಡಿದು ಅದನ್ನು ತಡೆದವು. 2024ರಲ್ಲಿ ತಾವೇ ಹಿಂದೆಗೆದವು, ಕಾನೂನು ಜಾರಿಗೆ ಬಂತು.

ಅಷ್ಟು ದೂರವೇಕೆ, ಕಾವೇರಿಯ ಕೆಳದಂಡೆಯನ್ನೇ ನೋಡಿ. ನೀರಿಗಾಗಿ ನಾವೂ ತಮಿಳರೂ ಎಷ್ಟೋ ಸಲ ಜಗಳವಾಡಿದ್ದೇವೆ. ಆದರೆ 2017ರಲ್ಲಿ ನೆಡುವಾಸಲ್ ಗ್ರಾಮದ ರೈತರು ಅನಿಲದ ಯೋಜನೆಗೆ ಎದುರಾಗಿ ಕುಳಿತದ್ದನ್ನು ನಾವು ಮೆಚ್ಚಲೇಬೇಕು. ಹೆಂಗಸರು ಮಕ್ಕಳು ಸಹಿತ ದಿನಗಟ್ಟಲೆ ಕದಲಲಿಲ್ಲ. 2020ರಲ್ಲಿ ತಮಿಳುನಾಡು ಸರಕಾರ ಕಾವೇರಿ ಮುಖಜ ಭೂಮಿಯನ್ನು ಸಂರಕ್ಷಿತ ಕೃಷಿ ವಲಯವೆಂದು ಕಾನೂನು ಮಾಡಿ, ಅಲ್ಲಿ ಹೊಸ ಎಣ್ಣೆ-ಅನಿಲ ಬಾವಿಗಳನ್ನು ನಿಷೇಧಿಸಿತು. ಹಳೆಯ ಬಾವಿಗಳನ್ನು ಅದು ಮುಟ್ಟಲಿಲ್ಲ. ಆ ಕೊರತೆ ಇದೆ. ಆದರೂ ಸಂಘಟಿತ ಜನ ಕುಳಿತರೆ ಸರಕಾರ ಏಳಬೇಕಾಗುತ್ತದೆಂಬುದು ಸಿದ್ಧವಾಯಿತು.

ಆದ್ದರಿಂದ ನಾವು ಕೇಳುವುದು ಇಷ್ಟು:

ಮನೆ, ಶಾಲೆ, ಆಸ್ಪತ್ರೆ, ಕುಡಿಯುವ ನೀರಿನ ಕೆರೆಗಳಿಂದ ಒಂದು ಕಿಲೋಮೀಟರಿನೊಳಗೆ ಹೊಸ ಬಾವಿ ಕೂಡದೆಂದು ಪಾರ್ಲಿಮೆಂಟು ಕಾನೂನು ಮಾಡಬೇಕು.

ಹುಡುಕುವ ಬಾವಿಯಾಗಲಿ, ಎಣ್ಣೆ ತೆಗೆಯುವ ಬಾವಿಯಾಗಲಿ, ಊರವರ ಭಾಷೆಯಲ್ಲಿ ಊರವರ ಮುಂದೆ ಸಭೆ ನಡೆಸದೆ ಅಪ್ಪಣೆ ಕೊಡಕೂಡದು.

ಬಾವಿಯ ಬಾಯಿ ಕಾಯುವ ಕೆಲಸ ಗುತ್ತಿಗೆಗೆ ಹೋಗಕೂಡದು. ಅಪಾಯ ಕಂಡಾಗ ಕೆಲಸ ನಿಲ್ಲಿಸುವ ಹಕ್ಕು ಕಾರ್ಮಿಕನಿಗಿರಬೇಕು. ನಿಲ್ಲಿಸಿದ್ದಕ್ಕೆ ಅವನ ಕೂಲಿ ಕತ್ತರಿಸಕೂಡದು.

ಪರಿಹಾರದ ಹಣವನ್ನು ಬಾವಿ ತೋಡುವ ಮೊದಲೇ ಠೇವಣಿ ಇಡಿಸಬೇಕು. ಮನೆ ಸುಟ್ಟ ಮೇಲೆ ಬಡವ ಕೋರ್ಟಿನ ಮೆಟ್ಟಿಲು ಹತ್ತುವಂತಾಗಬಾರದು.

ಅನಿಲದ ಕೊಳವೆ ಹಾದ ಪ್ರತಿ ಊರಿನ ಪಂಚಾಯಿತಿ, ಪುರಸಭೆಗಳಲ್ಲಿ ಅದರ ನಕ್ಷೆಯನ್ನು ಕನ್ನಡದಲ್ಲಿ ತೂಗುಹಾಕಬೇಕು. ಈ ಕೊನೆಯ ಬೇಡಿಕೆಗೆ ದೆಹಲಿಯ ತನಕ ಹೋಗಬೇಕಾಗಿಲ್ಲ. ನಿಮ್ಮ ವಾರ್ಡಿನ ಸದಸ್ಯರನ್ನು ಈ ವಾರವೇ ಕೇಳಿ. ಪಾಳಿ ಮುಗಿಸಿ ಬರುವ ಕಾರ್ಮಿಕನೂ ಅಂಗಡಿ ಮುಚ್ಚಿ ಬರುವ ವ್ಯಾಪಾರಿಯೂ ಒಟ್ಟಾಗಿ ಹೋದರೆ ಯಾವ ಅಧಿಕಾರಿಯೂ "ನಾಳೆ ಬಾ" ಎನ್ನಲಾರ.

ದೇಶದ ಒಲೆ ಉರಿಯಲಿ. ಆದರೆ ಅದಕ್ಕೆ ಬಡವನ ಮನೆ ಸೌದೆಯಾಗಕೂಡದು.