ಸಮ್ಮೇದಶಿಖರವೂ ಶ್ರಾವಕರ ಪ್ರಮಾದವೂ

ಇಪ್ಪತ್ತು ತೀರ್ಥಂಕರರ ನಿರ್ವಾಣಭೂಮಿಯಾದ ಸಮ್ಮೇದಶಿಖರವನ್ನು ಪರಿಸರ ಪ್ರವಾಸೋದ್ಯಮದ ತಾಣವನ್ನಾಗಿಸುವ ಯೋಜನೆಯ ವಿರುದ್ಧ 2022ರ ಡಿಸೆಂಬರಿನಲ್ಲಿ ಜೈನ ಸಮಾಜವು ದೇಶದಾದ್ಯಂತ ಬೀದಿಗಿಳಿಯಿತು. ಜಯಪುರದಲ್ಲಿ ಉಪವಾಸ ಕೈಗೊಂಡಿದ್ದ ಮುನಿ ಸುಜ್ಞೇಯಸಾಗರರು 2023ರ ಜನವರಿ 3ರಂದು ದೇಹತ್ಯಾಗ ಮಾಡಿದರು. ಎರಡು ದಿನಗಳ ಬಳಿಕ ಕೇಂದ್ರ ಪರಿಸರ ಸಚಿವಾಲಯವು 2019ರ ಆಗಸ್ಟ್ ತಿಂಗಳ ತನ್ನ ಅಧಿಸೂಚನೆಯ ಮೂರನೆಯ ಕಂಡಿಕೆಗೆ ತಡೆ ನೀಡಿ, ಬೆಟ್ಟದ ಮೇಲೆ ಮದ್ಯ ಮಾಂಸಗಳ ನಿಷೇಧವನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸಬೇಕೆಂದು ಜಾರ್ಖಂಡ್ ಸರಕಾರಕ್ಕೆ ಸೂಚಿಸಿತು. ವಿಜಯೋತ್ಸವಗಳು ನಡೆದವು, ಸನ್ಮಾನಗಳಾದವು, ಸಮಾಜ ಮನೆಗೆ ಮರಳಿತು.

ಹೋರಾಟ ನ್ಯಾಯವಾದುದೇ. ಪರಿಸರ ಪ್ರವಾಸೋದ್ಯಮವೆಂಬ ಹೆಸರು ಸೌಮ್ಯವಾದರೂ ಅದರ ಬೆನ್ನಿಗೆ ಬರುವುದು ರಸ್ತೆ, ವಸತಿಗೃಹ, ಗದ್ದಲ. ನಿರ್ವಾಣಭೂಮಿಯನ್ನು ವಿಹಾರಸ್ಥಾನವೆಂದು ಮಾರಲು ಯಾವ ಇಲಾಖೆಗೂ ಅಧಿಕಾರವಿಲ್ಲ. ಆದರೆ ಅಧಿಸೂಚನೆಯನ್ನೇ ಸಂಪೂರ್ಣ ರದ್ದುಗೊಳಿಸಬೇಕೆಂದು ಕೂಗಿದವರಲ್ಲಿ ಎಷ್ಟು ಜನ ಅದನ್ನು ಓದಿದ್ದರು? ಪಾರಸನಾಥ ವನ್ಯಧಾಮದ ಸುತ್ತಲಿನ ಪ್ರದೇಶವನ್ನು ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಿದ್ದೂ ಅದೇ ಅಧಿಸೂಚನೆ. ಗಣಿಗಾರಿಕೆಗೂ ಕಲ್ಲುಕೋರೆಗೂ ಅಡ್ಡಿಯಾಗುವುದೂ ಅದೇ. ವ್ಯಾಪಾರದಲ್ಲಿ ಪತ್ರವನ್ನು ಓದದೆ ಸಹಿ ಹಾಕದವರು ಇಲ್ಲಿ ಓದದೆಯೇ ಹರಿಯಹೊರಟರು.

ಇನ್ನು ಮುಖ್ಯ ಪ್ರಶ್ನೆ. ಪ್ರವಾಸಿಗನನ್ನು ತಡೆದದ್ದಾಯಿತು, ಯಾತ್ರಿಕನ ಲೆಕ್ಕ ಕೇಳುವವರು ಯಾರು? ಬೆಟ್ಟದ ಎತ್ತರ 1,365 ಮೀಟರು. ಏರುವುದು ಒಂಬತ್ತು ಕಿಲೋಮೀಟರು, ಮೇಲೆ ಟೋಂಕುಗಳ ವಂದನೆ ಒಂಬತ್ತು, ಇಳಿಯುವುದು ಒಂಬತ್ತು. ಹಿಂದಿನವರು ನಸುಕಿನಲ್ಲೆದ್ದು ಬರಿಗಾಲಲ್ಲಿ, ನೆಲ ನೋಡುತ್ತ ಏರಿದರು. ಇಂದು ಅದೇ ದಾರಿಯಲ್ಲಿ ಬೀಳುವ ನೀರಿನ ಬಾಟಲಿ, ಬಿಸ್ಕತ್ತಿನ ಪೊಟ್ಟಣದ ಹಾಳೆ ಯಾರವು? ಪ್ರವಾಸೋದ್ಯಮ ಇಲಾಖೆಯವಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡಗಳಲ್ಲಿ ಪ್ರಮಾದಚರ್ಯೆಯನ್ನು ಎಣಿಸುತ್ತದೆ. ನಿಷ್ಪ್ರಯೋಜನವಾಗಿ ಮಣ್ಣನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡವನ್ನು ಕೀಳುವುದು ಆ ದೋಷದೊಳಗೇ ಬರುತ್ತವೆ. ಯಾತ್ರೆಯ ಹೆಸರಿನಲ್ಲಿ ಮಾಡಿದರೆ ಪೃಥ್ವೀಕಾಯಿಕ, ವನಸ್ಪತಿಕಾಯಿಕ ಜೀವಗಳಿಗೆ ನೋವಾಗುವುದಿಲ್ಲವೆಂಬ ವಿನಾಯಿತಿ ಯಾವ ಶಾಸ್ತ್ರದಲ್ಲಿದೆ? ತಪ್ಪಲಿನ ಮಧುಬನದಲ್ಲಿ ಧರ್ಮಶಾಲೆಗಳ ಮೇಲೆ ಧರ್ಮಶಾಲೆಗಳು ಏಳುತ್ತವೆ. ದಾನಿಯ ಹೆಸರಿನ ಶಿಲಾಫಲಕ ಗೋಡೆಯ ಮೇಲಿರುತ್ತದೆ. ಆ ಕಟ್ಟಡದ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆಂಬುದು ಯಾವ ಫಲಕದ ಮೇಲೂ ಇರುವುದಿಲ್ಲ.

ಇನ್ನೊಂದು ಮಾತು ಕೆಲವರಿಗೆ ರುಚಿಸದು. ಸಂತಾಲರಿಗೆ ಆ ಬೆಟ್ಟ ಮರಾಂಗ್ ಬುರು, ಅವರ ಪರಮ ದೈವದ ಸ್ಥಾನ. 2023ರ ಜನವರಿಯಲ್ಲೇ ಅವರೂ ಮಧುಬನದಲ್ಲಿ ಸೇರಿ ತಮ್ಮ ಹಕ್ಕನ್ನು ಘೋಷಿಸಿದರು. ವೈಶಾಖದ ಅವರ ಬೇಟೆಯ ಆಚರಣೆಯನ್ನು ಅಹಿಂಸಾಧರ್ಮಿಗಳು ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ. ಆದರೆ ವೃದ್ಧ ಯಾತ್ರಿಕರನ್ನು ಡೋಲಿಯಲ್ಲಿ ಹೊತ್ತು ಏರುವವರು ಆ ತಪ್ಪಲಿನ ಬಡವರೇ. ಪೂಜೆಯ ಸವಾಲಿನಲ್ಲಿ ಲಕ್ಷಗಳನ್ನು ಕೂಗುವ ಶ್ರಾವಕ, ಡೋಲಿಯ ಬಾಡಿಗೆಯಲ್ಲಿ ನೂರು ರೂಪಾಯಿಗೆ ಚೌಕಾಸಿ ಮಾಡುತ್ತಾನೆ. ಅವರ ಹೆಗಲ ಮೇಲೆ ಕುಳಿತು, ಬೆಟ್ಟ ತನ್ನೊಬ್ಬನದೆನ್ನುವುದು ಅನೇಕಾಂತವಾದಿಗೆ ಒಪ್ಪುವ ಮಾತೇ? ಕೇಂದ್ರದ ಆದೇಶವು ಉಸ್ತುವಾರಿ ಸಮಿತಿಗೆ ಜೈನ ಸಮಾಜದ ಇಬ್ಬರನ್ನೂ ಸ್ಥಳೀಯ ಬುಡಕಟ್ಟಿನ ಒಬ್ಬರನ್ನೂ ಶಾಶ್ವತ ಆಹ್ವಾನಿತರನ್ನಾಗಿ ಸೇರಿಸಲು ಹೇಳಿತು. ಸಮಾಜ ಆ ಮೂರನೆಯವರೊಂದಿಗೆ ಕುಳಿತು ಮಾತನಾಡುವುದನ್ನು ಕಲಿಯಬೇಕಾಗಿದೆ. ಶ್ವೇತಾಂಬರ ದಿಗಂಬರರು ಇದೇ ಬೆಟ್ಟಕ್ಕಾಗಿ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ವ್ಯಾಜ್ಯವಾಡಿದವರು; ಮಾತುಕತೆಗಿಂತ ವಕೀಲರೇ ಅವರಿಗೆ ಪರಿಚಿತರು.

ಕನ್ನಡ ನಾಡಿನಿಂದಲೂ ಯಾತ್ರಾಸಂಘಗಳು ಶಿಖರ್ಜಿಗೆ ಹೋಗುತ್ತವೆ. ಹೊರಡುವ ಮುನ್ನ ಬಸದಿಯ ಟ್ರಸ್ಟು ಮೂರು ಷರತ್ತುಗಳನ್ನು ವಿಧಿಸಲಿ: ಪ್ರತಿಯೊಬ್ಬರಿಗೂ ಲೋಹದ ನೀರಿನ ಪಾತ್ರೆ, ಒಯ್ದ ಕಸವನ್ನೆಲ್ಲ ಹಿಂದಕ್ಕೆ ತರಲು ಒಂದು ಚೀಲ, ಡೋಲಿಯವರಿಗೆ ಚೌಕಾಸಿಯಿಲ್ಲದ ಕೂಲಿ. ಮಧುಬನದಲ್ಲಿ ಹೊಸ ಕೋಣೆಗೆಂದು ಬರುವ ದಾನವನ್ನು, ಇರುವ ಕೋಣೆಗಳ ಚರಂಡಿ ಸರಿಯಾಗುವವರೆಗೆ ಸ್ವೀಕರಿಸದಿರಲಿ. ದಾನಿಗಳು ಮುನಿಸಿಕೊಂಡರೆ, ಚರಂಡಿಯ ಮೇಲೆಯೇ ಅವರ ಹೆಸರನ್ನು ಕೆತ್ತಿಸಬಹುದು.