ಟ್ಯಾಂಕಿನ ಆದೇಶಪತ್ರದಲ್ಲಿ ಬರೆಯತಕ್ಕದ್ದು

ಒತ್ತಡದಲ್ಲಿ ಕೆಲಸಮಾಡುವ ಪಾತ್ರೆಯೆಂದರೆ ನಮಗೆ ಭಯವಿದೆ. ಬಾಯ್ಲರುಗಳಿಗಾಗಿ 1923ರಷ್ಟು ಹಿಂದೆಯೇ ಈ ದೇಶದಲ್ಲಿ ಪ್ರತ್ಯೇಕ ಶಾಸನವಾಯಿತು, ಪ್ರಮಾಣಪತ್ರವಿಲ್ಲದೆ ಅದಕ್ಕೆ ಬೆಂಕಿಯಿಡುವುದು ಅಪರಾಧವೆನಿಸಿತು. ಪೆಟ್ರೋಲಿಯಂ ದಾಸ್ತಾನಿಗೂ ಅದರದೇ ಆದ ಕಾನೂನುಂಟು. ಆದರೆ ಸಕ್ಕರೆ ಕಾರ್ಖಾನೆಯ ಹಿತ್ತಿಲಿನಲ್ಲಿ ಕಾಕಂಬಿಯನ್ನೋ, ಕಾಗದದ ಕಾರ್ಖಾನೆಯ ಅಂಗಳದಲ್ಲಿ ಕ್ಷಾರದ್ರಾವಣವನ್ನೋ ತುಂಬಿಕೊಂಡು, ನೆತ್ತಿಯಲ್ಲಿ ಗಾಳಿಗೆ ತೆರೆದ ಕೊಳವೆಯೊಂದನ್ನು ಧರಿಸಿ ನಿಂತಿರುವ ಸಾಮಾನ್ಯ ಉಕ್ಕಿನ ಟ್ಯಾಂಕಿನ ಮೇಲೆ ಅಷ್ಟು ಬಿಗಿಯಾದ ಕಣ್ಗಾವಲಿಲ್ಲ. ಅದರ ನಿಜವಾದ ತಪಾಸಕನೆಂದರೆ ಕೊಳ್ಳುವವನು ಬರೆದುಕೊಡುವ ಆದೇಶಪತ್ರ. ಆ ಪತ್ರದಲ್ಲಿ ಸಾಮಾನ್ಯವಾಗಿ ಇರುವುದಾದರೂ ಏನು? ಇಷ್ಟು ಸಾವಿರ ಲೀಟರು, ಇಷ್ಟು ಮಿಲಿಮೀಟರ್ ಪ್ಲೇಟು, ಕಿಲೋಗೆ ಇಷ್ಟು ರೂಪಾಯಿ, ಕೊನೆಯಲ್ಲಿ 'ಕೆಲಸ ಉತ್ತಮ ದರ್ಜೆಯದಾಗಿರಬೇಕು' ಎಂಬ, ಯಾರನ್ನೂ ಯಾವುದಕ್ಕೂ ಕಟ್ಟಿಹಾಕದ ಒಂದು ವಾಕ್ಯ.

ಅಮೆರಿಕದ ಬಾಸ್ಟನ್ ನಗರದಲ್ಲಿ 1915ರಲ್ಲಿ ಐವತ್ತು ಅಡಿ ಎತ್ತರದ, ತೊಂಬತ್ತು ಅಡಿ ವ್ಯಾಸದ ಕಾಕಂಬಿಯ ಟ್ಯಾಂಕೊಂದು ಎದ್ದು ನಿಂತಿತು. ಮೇಲ್ವಿಚಾರಣೆಗೆ ನಿಂತವನು ಯಂತ್ರಶಾಸ್ತ್ರವನ್ನರಿಯದ ಲೆಕ್ಕಪತ್ರದ ಮನುಷ್ಯ; ಸರಕಿನ ಹಡಗು ಬರುವ ದಿನ ಸಮೀಪಿಸಿದ್ದರಿಂದ ತುಂಬ ನೀರು ಹಾಕಿ ಪರೀಕ್ಷಿಸುವುದನ್ನು ಕೈಬಿಟ್ಟು, ತಳದಲ್ಲಿ ಆರಂಗುಲ ನೀರು ನಿಲ್ಲಿಸಿ ತೃಪ್ತಿಪಡಲಾಯಿತು. ಟ್ಯಾಂಕು ಮೊದಲಿಂದಲೂ ಒಸರುತ್ತಿತ್ತು. ಒಸರು ಕಾಣದಂತೆ ಕಂದು ಬಣ್ಣ ಬಳಿದರು. 1919ರ ಜನವರಿ 15ರಂದು ಅದು ಸೀಳಿತು. ಸುಮಾರು 23 ಲಕ್ಷ ಗ್ಯಾಲನ್ ಕಾಕಂಬಿ ಬೀದಿಗೆ ನುಗ್ಗಿ 21 ಮಂದಿ ಸತ್ತರು, ನೂರೈವತ್ತರಷ್ಟು ಜನ ಗಾಯಗೊಂಡರು. ಅರಾಜಕವಾದಿಗಳು ಬಾಂಬಿಟ್ಟರೆಂದು ಟ್ಯಾಂಕಿನ ಒಡೆತನದ ಕಂಪನಿ ವಾದಿಸಿತು. ವರ್ಷಗಟ್ಟಲೆ ನಡೆದ ವಿಚಾರಣೆಯ ತರುವಾಯ ಹೊಣೆ ಕಂಪನಿಯ ಮೇಲೆಯೇ ಬಿದ್ದಿತು.

ಲೆಕ್ಕವನ್ನು ಇಲ್ಲಿ ಸ್ವಲ್ಪ ನೋಡಬೇಕು. ಕಾಕಂಬಿ ನೀರಿಗಿಂತ ಸುಮಾರು 1.4 ಪಾಲು ಭಾರ. ಐವತ್ತಡಿ ತುಂಬಿದಾಗ ತಳದ ಪ್ಲೇಟಿನ ಮೇಲೆ ಚದರ ಸೆಂಟಿಮೀಟರಿಗೆ ಎರಡು ಕಿಲೋಗೂ ಮೀರಿದ ಒತ್ತಡ ಬೀಳುತ್ತದೆ, ಅದೇ ಆರಂಗುಲ ನೀರಿನ ಒತ್ತಡ ಹದಿನೈದು ಗ್ರಾಮು. ಅಷ್ಟೇಕೆ, ಕಂಠಪೂರ್ತಿ ನೀರು ತುಂಬಿದ್ದರೂ ಬರುತ್ತಿದ್ದುದು ಒಂದೂವರೆ ಕಿಲೋ ಮಾತ್ರ. ಆದುದರಿಂದ ದ್ರವದ ಸಾಂದ್ರತೆಯನ್ನು ಬರೆಯದೆ ಲೀಟರುಗಳನ್ನು ಮಾತ್ರ ಬರೆದ ಆದೇಶಪತ್ರವು, ಹೊರತಕ್ಕ ಭಾರವನ್ನು ತಿಳಿಸದೆ ಗಾಡಿ ಕಟ್ಟಿಸಿದಂತೆ. ಐ.ಎಸ್. 803, ಎ.ಪಿ.ಐ. 650 ಮೊದಲಾದ ಮಾನಕಗಳ ಹೆಸರನ್ನು ಉದ್ಧರಿಸಿಬಿಟ್ಟರೆ ಎಲ್ಲವೂ ಮುಗಿಯಿತೆಂದು ಭಾವಿಸುವವರುಂಟು. ಆದರೆ ದ್ರವದ ಸಾಂದ್ರತೆ ಎಷ್ಟು, ತುಕ್ಕಿನ ಸವೆತಕ್ಕಾಗಿ ಎಷ್ಟು ಹೆಚ್ಚುವರಿ ದಪ್ಪ ಬಿಡತಕ್ಕದ್ದು ಎಂಬಂಥವನ್ನು ಮಾನಕವು ಕೊಳ್ಳುವವನ ಬಾಯಿಂದಲೇ ಕೇಳಬಯಸುತ್ತದೆ, ಅವನು ಮೌನವಾಗಿದ್ದರೆ ಆ ಸ್ಥಾನವನ್ನು ಅಗ್ಗದ ದರ ತುಂಬುತ್ತದೆ.

ಪರೀಕ್ಷೆಗಳೆಲ್ಲವೂ ದುಬಾರಿಯಲ್ಲ. ಗೋಡೆಯ ಪ್ಲೇಟು ತಳದ ಪ್ಲೇಟನ್ನು ಕೂಡುವ ಮೂಲೆಯ ವೆಲ್ಡಿಂಗಿಗೆ ಒಂದು ಬದಿ ಸುಣ್ಣದ ನೀರು ಬಳಿದು ಒಣಗಿಸಿ, ಇನ್ನೊಂದು ಬದಿ ಸೀಮೆಎಣ್ಣೆ ಅಥವಾ ಡೀಸೆಲ್ ಸವರಿ ಕೆಲವು ಗಂಟೆ ಬಿಟ್ಟರೆ, ಕೂದಲೆಳೆಯಷ್ಟು ರಂಧ್ರವಿದ್ದರೂ ಬಿಳಿಯ ಮೇಲೆ ಎಣ್ಣೆಯ ಕಲೆ ಮೂಡುತ್ತದೆ. ತಳದ ಬೆಸುಗೆಗೆ ಸಾಬೂನಿನ ನೀರು ಹಚ್ಚಿ, ಗಾಜಿನ ಮುಚ್ಚಳದ ಪೆಟ್ಟಿಗೆಯನ್ನು ಕವುಚಿಟ್ಟು ಒಳಗಿನ ಗಾಳಿಯನ್ನೆಳೆದರೆ, ಸೋರುವ ಜಾಗದಲ್ಲಿ ಗುಳ್ಳೆಯೇಳುತ್ತದೆ. ಒಮ್ಮೆ ಟ್ಯಾಂಕು ತುಂಬಿದ ಮೇಲೆ ಆ ತಳವನ್ನು ಕಾಣುವವರಾರು? ಗೋಡೆಯ ಬೆಸುಗೆಗಳಲ್ಲಿ ಎಷ್ಟಕ್ಕೆ, ಎಲ್ಲೆಲ್ಲಿ ಎಕ್ಸ್-ರೇ ತೆಗೆಯತಕ್ಕದ್ದು, ವೆಲ್ಡರನ ಕೈಯನ್ನು ಯಾವ ಪರೀಕ್ಷೆಯಲ್ಲಿ ಅಳೆದಿರತಕ್ಕದ್ದು, ಪ್ಲೇಟಿನೊಡನೆ ಉಕ್ಕಿನ ಕಾರ್ಖಾನೆಯ ಪರೀಕ್ಷಾಪತ್ರ ಬಂದಿರತಕ್ಕದ್ದೇ ಎಂಬುದನ್ನೂ ಬರೆಯಬೇಕು. ಈ ಕೊನೆಯದು ಕೇವಲ ಕಾಗದದ ಮಾತಲ್ಲ: 1988ರ ಜನವರಿ 2ರಂದು ಪೆನ್ಸಿಲ್ವೇನಿಯಾದ ಫ್ಲೋರೆಫ್‌ನಲ್ಲಿ, ಸುಮಾರು ನಲವತ್ತು ವರ್ಷದ ಹಳೆಯ ಪ್ಲೇಟುಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ, ನೀರನ್ನು ಪೂರ್ತಿ ತುಂಬಿ ಪರೀಕ್ಷಿಸದಿದ್ದ ಡೀಸೆಲ್ ಟ್ಯಾಂಕು ಚಳಿಯಲ್ಲಿ ಗಾಜಿನಂತೆ ಸಿಡಿದು ಮೊನೊಂಗಹೇಲಾ ನದಿಯನ್ನು ಕೆಡಿಸಿತು. ನಮ್ಮಲ್ಲಿಯೂ ಹಳೆಯ ಟ್ಯಾಂಕುಗಳ ವ್ಯಾಪಾರ ಅಪರೂಪವೇನಲ್ಲ.

ಇನ್ನು ಗಾಳಿಕೊಳವೆ. ಒಳಗಿನ ಭಾರವನ್ನು ತಡೆದುಕೊಳ್ಳುವ ಗೋಡೆ ಹೊರಗಿನ ಗಾಳಿಯ ಒತ್ತಡದೆದುರು ಬಲಹೀನ. ಬಣ್ಣ ಬಳಿಯುವಾಗ ಕೊಳವೆಗೆ ಕಟ್ಟಿದ ಪ್ಲಾಸ್ಟಿಕ್ ಹಾಳೆಯನ್ನು ಬಿಚ್ಚಲು ಮರೆತು, ದ್ರವವನ್ನು ಹೊರಗೆಳೆಯುವ ಪಂಪು ಚಾಲೂ ಮಾಡಿದರೆ ಸಾಕು, ಟ್ಯಾಂಕು ಒಳಕ್ಕೆ ನುಗ್ಗಾಗುತ್ತದೆ.

ಇಷ್ಟನ್ನೆಲ್ಲ ಬರೆದರೆ ಪೀಣ್ಯದ ಸಣ್ಣ ಫ್ಯಾಬ್ರಿಕೇಟರುಗಳ ಹೊಟ್ಟೆಯ ಮೇಲೆ ಹೊಡೆದಂತಾಗುವುದಿಲ್ಲವೇ ಎಂಬ ಆಕ್ಷೇಪ ಬರಬಹುದು. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧವಾದುದು: ಏನೂ ಬರೆಯದ ಟೆಂಡರಿನಲ್ಲಿ ಸೋಲುವವನು ಪರೀಕ್ಷೆಯ ಖರ್ಚನ್ನು ತನ್ನ ದರದಲ್ಲಿ ಸೇರಿಸಿದ ಪ್ರಾಮಾಣಿಕನೇ.

ವ್ಯಾಜ್ಯ ಹುಟ್ಟುವುದು ಬಹುಮಟ್ಟಿಗೆ ನೀರಿನ ವಿಷಯದಲ್ಲಿ. ಪೂರ್ತಿ ತುಂಬುವ ನೀರನ್ನು ತರುವವರಾರು, ಅಡಿಪಾಯ ಎಷ್ಟು ಕುಸಿಯಿತೆಂದು ಅಳೆಯುವವರಾರು, ಮರುದಿನ ನೀರನ್ನು ಬಿಡುವುದೆಲ್ಲಿಗೆ ಎಂಬುದು ಬರೆದಿರದಿದ್ದರೆ, ಹಂಗಾಮು ಹತ್ತಿರ ಬಂದ ಕಾರ್ಖಾನೆಯಲ್ಲಿ ಪರೀಕ್ಷೆಯೇ ಬಿಟ್ಟುಹೋಗುತ್ತದೆ. ಬಯಲುಸೀಮೆಯಲ್ಲಿ ನೀರಿನ ಅಭಾವ ಸುಳ್ಳಲ್ಲ. ಒಂದು ಟ್ಯಾಂಕಿನ ನೀರನ್ನು ಪಂಪಿನಿಂದ ಮುಂದಿನ ಟ್ಯಾಂಕಿಗೆ ಹಾಯಿಸಿಕೊಳ್ಳಬಹುದು. ಅದರ ಖರ್ಚು ಯಾರದೆಂಬುದೂ, ಪರೀಕ್ಷೆ ಮುಗಿಯುವವರೆಗೆ ಕೊನೆಯ ಕಂತಿನ ಹಣ ಸಲ್ಲದೆಂಬುದೂ ದರ ಕೇಳುವ ಮೊದಲೇ ಆ ಪತ್ರದಲ್ಲಿರಲಿ.